ಕೀಲುನೋವಿನ ಮಕ್ಕಳು, ಮೂತ್ರಪಿಂಡದ ಲೆಕ್ಕ ಮತ್ತು ನಮ್ಮ ಸಂಘಗಳು

ಹೊರನಾಡ ಕನ್ನಡ ಸಂಘಗಳ ವಾರ್ಷಿಕ ವರದಿಗಳನ್ನು ತೆರೆದು ನೋಡಿದರೆ ರಾಜ್ಯೋತ್ಸವ, ನಾಟಕ, ಯಕ್ಷಗಾನ, ಪುಸ್ತಕ ಬಿಡುಗಡೆ, ಸನ್ಮಾನಗಳ ವಿವರ ಹೇರಳವಾಗಿ ದೊರೆಯುತ್ತದೆ. 'ಆರೋಗ್ಯ' ಎಂಬ ತಲೆಬರಹದ ಕೆಳಗೆ ಒಂದು ರಕ್ತದಾನ ಶಿಬಿರ, ಒಂದು ನೇತ್ರ ತಪಾಸಣೆ, ಹೆಚ್ಚೆಂದರೆ ಒಂದು ಮಧುಮೇಹ ಪರೀಕ್ಷೆ. ಅಲ್ಲಿಗೆ ಆ ಪುಟ ಮುಗಿಯುತ್ತದೆ. ಆ ಪುಟದಲ್ಲಿ ಮಕ್ಕಳಿಲ್ಲ. ಅದರಲ್ಲಿಯೂ ವರ್ಷಗಟ್ಟಲೆ ಕೀಲು ಬಾತು ನರಳುವ ಮಗು ನಮ್ಮ ಯಾವ ಶಿಬಿರದ ಲೆಕ್ಕಕ್ಕೂ ಬಂದಿಲ್ಲ. ಈ ಮೌನದ ವಿರುದ್ಧ ನಾನು ಬರೆಯುತ್ತಿದ್ದೇನೆ. ಕೆಲವರಿಗೆ ಇದು ಕಟುವೆನಿಸಬಹುದು, ಎನಿಸಲಿ.

ನಾನು ವೈದ್ಯನಲ್ಲ. ಮುಂಬಯಿಯ ಒಂದು ಪ್ರಯೋಗಾಲಯದಲ್ಲಿ ಮೂರು ದಶಕಗಳ ಕಾಲ ರಕ್ತ, ಮೂತ್ರಗಳನ್ನು ಪರೀಕ್ಷಿಸಿ ನಿವೃತ್ತನಾದವನು. ವೈದ್ಯರು ರೋಗಿಯ ಮುಖ ನೋಡುತ್ತಾರೆ, ನಮ್ಮಂಥವರು ಶೀಸೆಯನ್ನು ನೋಡುತ್ತೇವೆ. ಆದರೆ ಶೀಸೆ ಕೈಗೆ ಕೊಡುವಾಗ ತಾಯಂದಿರು ಕನ್ನಡ ಬಲ್ಲ ಮನುಷ್ಯನನ್ನು ಕಂಡರೆ ನಾಲ್ಕು ಮಾತು ಆಡದೆ ಹೋಗುವುದಿಲ್ಲ. "ಮಂಡಿ ಬಾತೈತ್ರೀ ಅಣ್ಣಾರ, ಮುಂಜಾನೆ ಏಳಾಕ ಬರಾಂಗಿಲ್ಲ, ನೋವಿನ ಗುಳಿಗಿ ಕೊಟ್ಟೀವ್ರೀ" ಎಂದು ವಿಜಾಪುರದ ಕಡೆಯ ತಾಯಿಯೊಬ್ಬಳು ಹೇಳಿದಾಗ, ಎಷ್ಟು ದಿನದಿಂದ ಎಂದು ಕೇಳಿದೆ. ಎರಡು ವರ್ಷದಿಂದ ಎಂದಳು. ಗುಳಿಗೆ ಯಾರು ಬರೆದುಕೊಟ್ಟದ್ದು ಎಂದರೆ, ಅಂಗಡಿಯವ. ಅದುವರೆಗೆ ಆ ಮಗುವಿನ ಮೂತ್ರವನ್ನು ಯಾರೂ ಪರೀಕ್ಷೆಗೆ ಕೇಳಿರಲಿಲ್ಲ. ಇಂಥ ಮಾತುಗಳನ್ನು ನಾನು ಒಮ್ಮೆಯಲ್ಲ, ಹಲವು ಬಾರಿ ಕೇಳಿದ್ದೇನೆ.

'ಮಕ್ಕಳಿಗೆ ವಾತ ಬರುವುದಿಲ್ಲ, ಅದು ಮುದುಕರ ಕಾಯಿಲೆ' ಎಂಬುದು ನಮ್ಮಲ್ಲಿ ವಿದ್ಯಾವಂತರೂ ನಂಬಿರುವ ಸುಳ್ಳು. ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಯಲ್ಲಿದ್ದ ಜಾರ್ಜ್ ಫ್ರೆಡರಿಕ್ ಸ್ಟಿಲ್ 1897ರಲ್ಲಿಯೇ 22 ಮಕ್ಕಳ ವಿವರವನ್ನು ಮುಂದಿಟ್ಟು, ಮಕ್ಕಳ ಕೀಲುರೋಗ ದೊಡ್ಡವರ ಸಂಧಿವಾತದ ಕಿರಿಯ ಆವೃತ್ತಿಯಲ್ಲ, ಅದರ ಸ್ವಭಾವವೇ ಬೇರೆ ಎಂದು ತೋರಿಸಿದ್ದ. ಹದಿನಾರು ತುಂಬುವ ಮೊದಲು ತೊಡಗಿ, ಆರು ವಾರಕ್ಕೂ ಮಿಕ್ಕಿ ಉಳಿದು, ಬೇರೆ ಕಾರಣ ಕಾಣದ ಕೀಲೂತಕ್ಕೆ ಇಂದು ವೈದ್ಯರು ಜುವೆನೈಲ್ ಇಡಿಯೊಪಥಿಕ್ ಆರ್ಥ್ರೈಟಿಸ್ ಎಂದು ಹೆಸರಿಡುತ್ತಾರೆ. ಬೆಳಿಗ್ಗೆ ಕುಂಟುವ ಮಗು ಮಧ್ಯಾಹ್ನದ ಹೊತ್ತಿಗೆ ಓಡಾಡುತ್ತದೆ. ಹೀಗಾಗಿ ಶಾಲೆ ತಪ್ಪಿಸುವ ನಾಟಕವೆಂದು ಬೈಸಿಕೊಳ್ಳುತ್ತದೆ. ಒಂದು ಬಗೆಯಲ್ಲಿ ದಿನವೂ ಏರುವ ಜ್ವರದೊಂದಿಗೆ ಮೈಮೇಲೆ ನಸುಗೆಂಪು ದದ್ದು ಮೂಡಿ ಮಾಯವಾಗುತ್ತದೆ. ಪಾಶ್ಚಾತ್ಯ ಪುಸ್ತಕದ ಚಿತ್ರದಲ್ಲಿ ಅದು ಎದ್ದು ಕಾಣುತ್ತದೆ, ನಮ್ಮ ಮಕ್ಕಳ ಕಂದು ಮೈಯಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಇನ್ನು ಕೀಲುನೋವು ಎಂದೊಡನೆ ರುಮ್ಯಾಟಿಕ್ ಜ್ವರವೆಂದು ಚೀಟಿ ಬರೆದು ಇಪ್ಪತ್ತೊಂದು ದಿನಕ್ಕೊಮ್ಮೆ ಪೆನಿಸಿಲಿನ್ ಚುಚ್ಚುವ ರೂಢಿಯೂ ನಮ್ಮಲ್ಲಿ ಬಲವಾಗಿದೆ. ಆ ಜ್ವರದ ನೋವು ಒಂದು ಕೀಲಿನಿಂದ ಇನ್ನೊಂದಕ್ಕೆ ಹಾರಿ ಕೆಲವು ವಾರಗಳಲ್ಲಿ ಇಳಿಯುವಂಥದು. ತಿಂಗಳುಗಟ್ಟಲೆ ಅದೇ ಮಂಡಿಯಲ್ಲಿ ಬೀಡುಬಿಟ್ಟ ಊತವನ್ನು ಅದೇ ಹೆಸರಿನಿಂದ ಕರೆಯುತ್ತಿದ್ದರೆ, ನಿಜವಾದ ರೋಗ ಚಿಕಿತ್ಸೆಯಿಲ್ಲದೆ ಒಳಗೊಳಗೇ ಬೆಳೆಯುತ್ತದೆ.

ಕೀಲಿನ ರೋಗಕ್ಕೂ ಮೂತ್ರಪಿಂಡಕ್ಕೂ ಏನು ಸಂಬಂಧವೆಂದು ಓದುಗರು ಕೇಳಬಹುದು. ನನ್ನ ವಾದವೆಲ್ಲ ಇರುವುದು ಅಲ್ಲಿಯೇ. ಉರಿಯೂತ ವರ್ಷಗಟ್ಟಲೆ ಹತೋಟಿಗೆ ಬಾರದೆ ಇದ್ದರೆ ಯಕೃತ್ತು ಒಂದು ಬಗೆಯ ಪ್ರೋಟೀನನ್ನು ಮಿತಿಮೀರಿ ರಕ್ತಕ್ಕೆ ಬಿಡುತ್ತದೆ. ಅದರ ತುಣುಕುಗಳು ಕರಗದ ಎಳೆಗಳಾಗಿ ಅಂಗಾಂಗಗಳಲ್ಲಿ, ಮುಖ್ಯವಾಗಿ ಮೂತ್ರಪಿಂಡದ ಸೋಸುಗಗಳಲ್ಲಿ, ಹೂಳಿನಂತೆ ಕೂರುತ್ತವೆ. ಇದಕ್ಕೆ ಅಮಿಲಾಯ್ಡ್ ಎಂದು ಹೆಸರು. ಮೂತ್ರಪಿಂಡದ ಚೂರನ್ನು ಕಾಂಗೊ ರೆಡ್ ಎಂಬ ಬಣ್ಣದಲ್ಲಿ ಅದ್ದಿ, ಧ್ರುವೀಕರಿಸಿದ ಬೆಳಕಿನ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಆ ಎಳೆಗಳು ಹಸಿರು ಸೇಬಿನ ಬಣ್ಣದಲ್ಲಿ ಹೊಳೆಯುತ್ತವೆ. ನೋಟಕ್ಕೆ ಅಷ್ಟು ಚೆಂದ. ಅರ್ಥ ಮಾತ್ರ ಘೋರ. ಮೊದಲು ಮೂತ್ರದಲ್ಲಿ ಪ್ರೋಟೀನ್ ಸೋರುತ್ತದೆ, ಆಮೇಲೆ ಮೈ ಬಾಯುತ್ತದೆ, ಕೊನೆಗೆ ಮೂತ್ರಪಿಂಡವೇ ನಿಲ್ಲುತ್ತದೆ. ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಯುರೋಪಿನ ಕೀಲುರೋಗದ ಮಕ್ಕಳನ್ನು ಬಲಿ ತೆಗೆದುಕೊಳ್ಳುತ್ತಿದ್ದ ಮುಖ್ಯ ಕಾರಣಗಳಲ್ಲಿ ಇದೂ ಒಂದು. ವಾರಕ್ಕೊಮ್ಮೆ ಕೊಡುವ ಅಲ್ಪಪ್ರಮಾಣದ ಮೆಥೊಟ್ರೆಕ್ಸೇಟ್ ಮಕ್ಕಳಲ್ಲಿ ಕೆಲಸ ಮಾಡುತ್ತದೆಂದು ಅಮೆರಿಕ ಮತ್ತು ಅಂದಿನ ಸೋವಿಯತ್ ವೈದ್ಯರು ಕೂಡಿ ನಡೆಸಿದ ಅಧ್ಯಯನ 1992ರಲ್ಲಿ ಪ್ರಕಟವಾಯಿತು. 1999ರಿಂದ ಎಟನರ್ಸೆಪ್ಟ್ ಮೊದಲಾದ ಜೈವಿಕ ಔಷಧಗಳು ಬಂದವು. ರೋಗವನ್ನು ಆರಂಭದಲ್ಲಿಯೇ ಅಡಗಿಸುವ ಕಡೆಗಳಲ್ಲಿ ಅಮಿಲಾಯ್ಡ್ ಈಗ ಅಪರೂಪ. ಅಂದರೆ ಇದು ತಡೆಯಬಹುದಾದ ಕೇಡು. ತಡೆಯಬಹುದಾದುದನ್ನು ತಡೆಯದೆ ಬಿಡುವುದಕ್ಕೆ ವಿಧಿಯೆಂದು ಹೆಸರಿಡುವುದನ್ನು ನಾನು ಒಪ್ಪುವುದಿಲ್ಲ.

ಎರಡನೆಯ ದಾರಿ ನಾವೇ ಕೈಯಾರೆ ತೆರೆದದ್ದು. ಡೈಕ್ಲೊಫೆನಾಕ್, ಐಬುಪ್ರೊಫೇನ್, ನ್ಯಾಪ್ರೊಕ್ಸೆನ್ ಎಲ್ಲವೂ ಒಂದೇ ಕುಲದ ನೋವುನಿವಾರಕಗಳು. ವೈದ್ಯರು ತೂಕ ನೋಡಿ, ಅವಧಿ ನಿಗದಿಪಡಿಸಿ, ನಡುನಡುವೆ ಪರೀಕ್ಷೆ ಮಾಡಿಸುತ್ತ ಕೊಟ್ಟಾಗ ಅವು ಕೀಲುರೋಗದ ಮಗುವಿಗೆ ಉಪಕಾರಿಯೇ. ಅವನ್ನು ವಿಷವೆಂದು ನಾನು ಹೇಳುತ್ತಿಲ್ಲ. ಆದರೆ ಮೂತ್ರಪಿಂಡಕ್ಕೆ ರಕ್ತ ಹರಿಸುವ ಕಿರುನಾಳಗಳನ್ನು ಕಷ್ಟಕಾಲದಲ್ಲಿ ತೆರೆದಿಡುವ ಪ್ರೊಸ್ಟಗ್ಲಾಂಡಿನ್ ಎಂಬ ದ್ರವ್ಯಗಳನ್ನು ಇವು ತಡೆಯುತ್ತವೆ. ಜ್ವರವೋ ವಾಂತಿಭೇದಿಯೋ ಆಗಿ ಮೈಯ ನೀರು ಆರಿದ ಮಗುವಿಗೆ ಅದೇ ಗುಳಿಗೆ ನುಂಗಿಸಿದರೆ ಮೂತ್ರಪಿಂಡ ರಕ್ತವಿಲ್ಲದೆ ಒಣಗುತ್ತದೆ. ಕೆಲವರಲ್ಲಿ ಅದರ ಅಂಗಾಂಶಕ್ಕೇ ಅಲರ್ಜಿಯ ಉರಿಯೂತ ಹತ್ತುತ್ತದೆ. ಒಂದೇ ಔಷಧಕ್ಕೆ ಹತ್ತು ಹೆಸರು. ಊರಿನ ವೈದ್ಯರ ಗುಳಿಗೆಯೊಂದು, ಇಲ್ಲಿಯ ಅಂಗಡಿಯದೊಂದು, ಮಾವ ತಂದುಕೊಟ್ಟದ್ದೊಂದು. ಮೂರೂ ಅದೇ ಕುಲದವೆಂದು ತಾಯಿಗೆ ಹೇಳುವವರಾರು? ಕಾನೂನಿನ ಪ್ರಕಾರ ಡೈಕ್ಲೊಫೆನಾಕ್ ಮಾತ್ರೆಯನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಆ ಕಾನೂನು ಎಷ್ಟರ ಮಟ್ಟಿಗೆ ಜೀವಂತವಾಗಿದೆಯೆಂಬುದನ್ನು ನಿಮ್ಮ ಬೀದಿಯ ಮೂಲೆಗೆ ಹೋಗಿ ನೀವೇ ಪರೀಕ್ಷಿಸಬಹುದು.

ಮುಂಬಯಿಯ ಓದುಗರಿಗೆ ಮಲಬಾರ್ ಹಿಲ್‌ನ ದೋಖ್ಮಾಗಳು ಗೊತ್ತು. ಪಾರ್ಸಿಗಳ ಶವಸಂಸ್ಕಾರಕ್ಕೆ ಆಧಾರವಾಗಿದ್ದ ರಣಹದ್ದುಗಳು ಆ ಆಕಾಶದಿಂದ ಕಾಣೆಯಾದವು. ಡೈಕ್ಲೊಫೆನಾಕ್ ಚುಚ್ಚಿಸಿಕೊಂಡ ದನಗಳ ಹೆಣ ತಿಂದು, ಮೂತ್ರಪಿಂಡ ಕೆಟ್ಟು, ಯೂರಿಕ್ ಆಮ್ಲ ಒಳಗಿನ ಅಂಗಗಳ ಮೇಲೆ ಸುಣ್ಣದಂತೆ ಕೂತು ದಕ್ಷಿಣ ಏಷ್ಯದ ರಣಹದ್ದುಗಳು ಸತ್ತವೆಂದು 2004ರಲ್ಲಿ ವಿಜ್ಞಾನಿಗಳು ಸಾಧಿಸಿ ತೋರಿಸಿದರು. 2006ರಲ್ಲಿ ಭಾರತ ಸರಕಾರ ಪಶುಚಿಕಿತ್ಸೆಗೆ ಆ ಔಷಧವನ್ನು ನಿಷೇಧಿಸಿತು. ಮನುಷ್ಯರ ಹೆಸರಿನ ದೊಡ್ಡ ಶೀಸೆಗಳು ದನದ ಕೊಟ್ಟಿಗೆಗೆ ಹೋಗುವುದನ್ನು ತಡೆಯಲು 2015ರಲ್ಲಿ ಚುಚ್ಚುಮದ್ದಿನ ಶೀಸೆಯ ಅಳತೆಯನ್ನೂ ಕಡಿತಗೊಳಿಸಿತು. ಹದ್ದಿನ ದೇಹವೂ ಮಗುವಿನ ದೇಹವೂ ಒಂದೇ ಅಲ್ಲ, ಹದ್ದಿಗೆ ಮಾರಕವಾದ ಅಲ್ಪಪ್ರಮಾಣವನ್ನು ಮಗು ತಾಳಿಕೊಳ್ಳುತ್ತದೆ. ಹೋಲಿಕೆಯನ್ನು ನಾನು ಎಳೆದು ಹಿಗ್ಗಿಸುವುದಿಲ್ಲ. ಆದರೆ ಹದ್ದಿನ ಮೂತ್ರಪಿಂಡಕ್ಕಾಗಿ ಶೀಸೆಯ ಅಳತೆಯನ್ನು ಮಿಲಿಲೀಟರಿನ ತನಕ ಗುಣಿಸಿ ನೋಡಿದ ಒಂದು ವ್ಯವಸ್ಥೆ, ಅಂಗಡಿಯ ಕಟ್ಟೆಯ ಮೇಲೆ ಮಗುವಿನ ಕೈಗೆ ಬೀಳುವ ಗುಳಿಗೆಯ ಲೆಕ್ಕ ಕೇಳದಿರುವುದು ನನಗೆ ಸೋಜಿಗವೆನಿಸುತ್ತದೆ.

ಇನ್ನು ಪುಡಿಗಳ ಮಾತು. ರಜೆಗೆ ಊರಿಗೆ ಹೋದಾಗ ಯಾರೋ ಹೇಳಿದರೆಂದು ಯಾವುದೋ ಊರಿನ ಮನೆಯೊಂದರ ಮುಂದೆ ಸಾಲು ನಿಂತು, ಹೆಸರಿಲ್ಲದ ಪೊಟ್ಟಣಗಳನ್ನು ತಂದು ಆರು ತಿಂಗಳು ತಿನ್ನಿಸುವವರು ನಮ್ಮಲ್ಲಿ ಕಡಿಮೆಯಿಲ್ಲ. ಮೂರೇ ದಿನದಲ್ಲಿ ಊತ ಇಳಿಯಿತೆಂದು ಕೈಮುಗಿಯುತ್ತಾರೆ. ಮೂರು ದಿನದಲ್ಲಿ ಇಳಿದು, ಮೂರು ತಿಂಗಳಲ್ಲಿ ಮಗುವಿನ ಮುಖ ಚಂದ್ರನಂತೆ ದುಂಡಗಾದರೆ ಅದು ಪವಾಡವಲ್ಲ, ಸ್ಟಿರಾಯ್ಡ್. ಇಂಥ ಪುಡಿಗಳಲ್ಲಿ ಅದನ್ನು ಬೆರೆಸಿರುವುದು ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಸಿಕ್ಕಿಬಿದ್ದಿದೆ. ಲೋಹದ ಕಥೆ ಬೇರೆ. ಅಮೆರಿಕದ ಬಾಸ್ಟನ್ ಸುತ್ತಿನ ದಕ್ಷಿಣ ಏಷ್ಯದವರ ಅಂಗಡಿಗಳಲ್ಲಿ ಕೊಂಡ 70 ಆಯುರ್ವೇದೀಯ ಸರಕುಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇತ್ತೆಂದು 2004ರಲ್ಲಿ ಪ್ರಕಟವಾಯಿತು. ಪಾದರಸ ಮೂತ್ರಪಿಂಡದ ಸೋಸುಗವನ್ನು ಕೆಡಿಸಿ ಪ್ರೋಟೀನ್ ಸೋರಿಸುತ್ತದೆಂಬುದು ಹಳೆಯ ಜ್ಞಾನ. ನಾಟಿಮದ್ದು ತಿಂದವರಲ್ಲಿ ಇಂಥ ಮೂತ್ರಪಿಂಡ ರೋಗವನ್ನು ಚೆನ್ನೈಯ ತಜ್ಞರು ಈಚಿನ ವರ್ಷಗಳಲ್ಲಿ ದಾಖಲಿಸಿದ್ದಾರೆ. ಆಯುರ್ವೇದವನ್ನು ಹಳಿಯುವುದು ನನ್ನ ಕೆಲಸವಲ್ಲ. ಶಾಸ್ತ್ರ ಬಲ್ಲ ವೈದ್ಯ ತಾನು ಕೊಟ್ಟುದರ ಹೆಸರು ಬರೆದು ಸಹಿ ಹಾಕುತ್ತಾನೆ. ಹೆಸರು ಬರೆಯಲೊಪ್ಪದವನ ಪುಡಿಗೆ ಯಾವ ಶಾಸ್ತ್ರದ ಆಶ್ರಯವೂ ಸಲ್ಲದು.

ಈ ಎಲ್ಲ ಕೇಡುಗಳ ಮೊದಲ ಸುಳಿವು ದೊರೆಯುವುದು ಮೂತ್ರದಲ್ಲಿ. ಅದನ್ನು ಕಾಣಲು ಬೇಕಾದುದು ಎಷ್ಟು ಅಲ್ಪವೆಂದರೆ ಹೇಳಲು ನಾಚಿಕೆಯಾಗುತ್ತದೆ. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಗಾಜಿನ ನಳಿಕೆಯಲ್ಲಿ ಮುಕ್ಕಾಲು ಮೂತ್ರ ತುಂಬಿ, ಮೇಲ್ಭಾಗವನ್ನು ಉರಿಯ ಮೇಲೆ ಕಾಯಿಸುತ್ತಿದ್ದೆವು. ಮೋಡ ಕವಿದರೆ ಮೂರು ನಾಲ್ಕು ಹನಿ ಅಸಿಟಿಕ್ ಆಮ್ಲ. ಮೋಡ ಕರಗಿದರೆ ಅದು ಫಾಸ್ಫೇಟ್, ಉಳಿದರೆ ಪ್ರೋಟೀನ್. ಈಗ ಬಣ್ಣ ತಿರುಗುವ ಕಾಗದದ ಪಟ್ಟಿಗಳು ಬಂದಿವೆ. ಅದ್ದಿ ಒಂದು ನಿಮಿಷ ಕಾದರೆ ಸಾಕು. ಬೆಳಿಗ್ಗೆ ಎದ್ದೊಡನೆಯ ಮೂತ್ರ ತೆಗೆದುಕೊಳ್ಳಬೇಕು, ಏಕೆಂದರೆ ಕೆಲವು ಮಕ್ಕಳಲ್ಲಿ ನಿಂತು ಓಡಾಡಿದ ಮೇಲೆ ತುಸು ಪ್ರೋಟೀನ್ ಕಾಣುವುದು ನಿರಪಾಯಕರವಾಗಿಯೇ ಇರುತ್ತದೆ. ಕೀಲುನೋವಿನ ಆರಂಭದಲ್ಲಿಯೇ ಮೂತ್ರದಲ್ಲಿ ರಕ್ತವೋ ಪ್ರೋಟೀನೋ ಕಂಡರೆ ಇನ್ನೊಂದು ಎಚ್ಚರ: ಅದು ಲೂಪಸ್ ಆಗಿರಬಹುದು. ಕೀಲುರೋಗದ ವೇಷದಲ್ಲಿ ಬಂದು ಮೂತ್ರಪಿಂಡವನ್ನು ಹಿಡಿಯುವ ರೋಗ ಅದು. ಹನ್ನೆರಡು, ಹದಿಮೂರರ ಹೆಣ್ಣುಮಕ್ಕಳಲ್ಲಿ ವಿಶೇಷವಾಗಿ ಎಣಿಸಬೇಕಾದದ್ದು.

ರಕ್ತದ ಕ್ರಿಯಾಟಿನಿನ್ ಪರೀಕ್ಷೆಯ ಬಗೆಗೆ ನನ್ನ ತಕರಾರು ಹಳೆಯದು. ನಾನು ದುಡಿದ ಕಡೆ ವರದಿಯ ಕಾಗದದಲ್ಲಿ ವಯಸ್ಕರ ಮಿತಿಯನ್ನು ಅಚ್ಚು ಹಾಕಿಸಿದ್ದರು. ಆರು ವರ್ಷದ ಮಗುವಿಗೂ ಅದೇ ಕಾಗದ. ನಾನು ಅಂಚಿನಲ್ಲಿ 'ಮಗು' ಎಂದು ಪೆನ್ನಿನಿಂದ ಬರೆಯುತ್ತಿದ್ದೆ, ಮೇಲಿನವರು ಅದನ್ನು ಅಧಿಕಪ್ರಸಂಗವೆಂದರು. ಲೆಕ್ಕ ಮಾಡಿ ನೋಡಿ. ಮಕ್ಕಳ ಮೂತ್ರಪಿಂಡದ ಸೋಸುವ ಶಕ್ತಿಯನ್ನು ಅಂದಾಜು ಮಾಡಲು 2009ರಿಂದ ಬಳಕೆಯಲ್ಲಿರುವ ಶ್ವಾರ್ಟ್ಸ್ ಸೂತ್ರ ಹೀಗಿದೆ: ಮಗುವಿನ ಎತ್ತರವನ್ನು ಸೆಂಟಿಮೀಟರಿನಲ್ಲಿ 0.413ರಿಂದ ಗುಣಿಸಿ, ಕ್ರಿಯಾಟಿನಿನ್ ಅಂಕಿಯಿಂದ ಭಾಗಿಸುವುದು. 110 ಸೆಂಟಿಮೀಟರ್ ಎತ್ತರದ ಮಗುವಿಗೆ ಕ್ರಿಯಾಟಿನಿನ್ 1.0 ಬಂದರೆ ಉತ್ತರ ಸುಮಾರು 45. ಆರೋಗ್ಯವಂತ ಮಗುವಿನದು 90ಕ್ಕೂ ಮೇಲಿರಬೇಕು. ಅಂದರೆ ಅರ್ಧ ಮೂತ್ರಪಿಂಡ ಹೋಗಿದೆ, ಕಾಗದದ ಮೇಲೆ ಮಾತ್ರ 'ಸಾಮಾನ್ಯ'. ಕೀಲುರೋಗದಿಂದ ಸ್ನಾಯು ಸೊರಗಿದ ಮಗುವಿನಲ್ಲಿ ಈ ಅಂಕಿ ಇನ್ನೂ ಕೆಳಗಿದ್ದು ಇನ್ನೂ ಹೆಚ್ಚು ಸುಳ್ಳು ಹೇಳುತ್ತದೆ. ಅಂಕಿ ಕೆಂಪಾಗಿಲ್ಲವೆಂದು ನಿಶ್ಚಿಂತರಾಗುವ ತಂದೆತಾಯಿಗಳು, ಈ ವರದಿಯಲ್ಲಿರುವುದು ಮಕ್ಕಳ ಮಿತಿಯೇ ಎಂಬ ಒಂದು ಪ್ರಶ್ನೆಯನ್ನಾದರೂ ಕೇಳಲಿ.

ಈಗ ಭಾಷೆಯ ವಿಷಯಕ್ಕೆ ಬರುತ್ತೇನೆ. 'ಕನ್ನಡ ಸಂಘದ ಕೆಲಸ ನಾಡುನುಡಿಯ ಸೇವೆ, ಆಸ್ಪತ್ರೆಯ ಉಸಾಬರಿ ನಮಗೇಕೆ' ಎಂಬ ಮಾತನ್ನು ನಾನು ನಮ್ಮ ಕಾರ್ಯಕಾರಿ ಸಮಿತಿಯ ಸಭೆಗಳಲ್ಲಿ ಕೇಳಿದ್ದೇನೆ. ಮೆಥೊಟ್ರೆಕ್ಸೇಟ್ ಗುಳಿಗೆಯನ್ನು ವಾರಕ್ಕೆ ಒಮ್ಮೆ ಮಾತ್ರ ಕೊಡಬೇಕು. ದಿನವೂ ಕೊಟ್ಟರೆ ಅದು ಜೀವ ತೆಗೆಯಬಲ್ಲದು. ಅದು ಹೊರಹೋಗುವುದೇ ಮೂತ್ರಪಿಂಡದ ಮೂಲಕ. ಮೂತ್ರಪಿಂಡ ಕುಗ್ಗಿದವರಲ್ಲಿ ಸರಿಯಾದ ಪ್ರಮಾಣವೂ ವಿಷವಾಗಬಹುದು. ನಮ್ಮ 'ವಾರ' ಏಳು ದಿನದ ಅವಧಿಯೂ ಹೌದು, ಸೋಮವಾರ ಮಂಗಳವಾರದ ವಾರವೂ ಹೌದು. ಮರಾಠಿಯ 'ವಾರ' ದಿನದ ಹೆಸರು ಮಾತ್ರ, ಏಳು ದಿನಕ್ಕೆ ಅವರಲ್ಲಿ 'ಆಠವಡಾ'. ಅರೆಬರೆ ಮರಾಠಿಯ ಕನ್ನಡದ ತಾಯಿ, ಕನ್ನಡ ಬಾರದ ದಾದಿ, ಇಂಗ್ಲಿಷಿನಲ್ಲಿ ಅಚ್ಚಾದ ಪಟ್ಟಿ. ಇವರ ನಡುವೆ ಆ ಗುಳಿಗೆ ಸೋಮವಾರಕ್ಕೆ ಮಾತ್ರ ಎಂಬುದು ಯಾರ ಬಾಯಿಂದ ಯಾರ ಕಿವಿಗೆ ಹೇಗೆ ತಲುಪಬೇಕು? ಇದು ನುಡಿಯ ಸೇವೆಯಲ್ಲದಿದ್ದರೆ ಇನ್ನಾವುದು? ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದ ಹುಡುಗರಿಗಾಗಿ ಇದೇ ಮುಂಬಯಿಯಲ್ಲಿ ನಮ್ಮ ಹಿರಿಯರು ಕನ್ನಡ ರಾತ್ರಿಶಾಲೆಗಳನ್ನು ಕಟ್ಟಿದಾಗ, ಅದು ಸಂಸ್ಕೃತಿಯೋ ಉಸಾಬರಿಯೋ ಎಂದು ಅಳೆಯುತ್ತ ಕೂರಲಿಲ್ಲ.

ಸರಕಾರಗಳೂ ಈ ತಪ್ಪಿನ ಪಾಲುದಾರರು. ಶಾಲಾಮಕ್ಕಳ ತಪಾಸಣೆಗೆಂದು 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಮೂಲ 30 ಸ್ಥಿತಿಗಳ ಪಟ್ಟಿಯಲ್ಲಿ ರುಮ್ಯಾಟಿಕ್ ಹೃದ್ರೋಗವಿದೆ, ಮಕ್ಕಳ ಕೀಲುರೋಗವಿಲ್ಲ. 2016ರಲ್ಲಿ ಘೋಷಿತವಾದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಬಡವರಿಗೆ ಉಚಿತ ಡಯಾಲಿಸಿಸ್ ಕೊಡುತ್ತದೆ, ಒಳ್ಳೆಯದೇ. 2018ರ ಆಯುಷ್ಮಾನ್ ಭಾರತ ವಿಮೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಒಳರೋಗಿಯ ವೆಚ್ಚ ಭರಿಸುತ್ತದೆ. ಹೊರರೋಗಿಯಾಗಿ ತಿಂಗಳು ತಿಂಗಳೂ ಬಂದು ಗುಳಿಗೆ ಪಡೆದು, ಮೂತ್ರ ಪರೀಕ್ಷೆ ಮಾಡಿಸಿಕೊಂಡು ಮೂತ್ರಪಿಂಡ ಉಳಿಸಿಕೊಳ್ಳುವ ಮಗುವಿಗೆ ಆ ವಿಮೆಯಲ್ಲಿ ಬಿಡಿಕಾಸಿಲ್ಲ. ಮೂತ್ರಪಿಂಡ ಕಳೆದುಕೊಂಡು ಹಾಸಿಗೆ ಹಿಡಿದ ಮೇಲೆ ಬಾಗಿಲು ತೆರೆಯುತ್ತದೆ. ಜೊತೆಗೆ ಗಡಿಯ ಗೋಳು. ರಾಜ್ಯಗಳ ಸ್ವಂತ ಯೋಜನೆಗಳು ಆಯಾ ರಾಜ್ಯದ ಪಡಿತರ ಚೀಟಿಗೆ, ವಾಸದ ದಾಖಲೆಗೆ ಕಟ್ಟುಬಿದ್ದಿವೆ. 2023ರಲ್ಲಿ ಮಹಾರಾಷ್ಟ್ರ ಸರಕಾರ ಗಡಿಭಾಗದ 865 ಹಳ್ಳಿಗಳಿಗೆ ತನ್ನ ಮಹಾತ್ಮಾ ಜ್ಯೋತಿಬಾ ಫುಲೆ ಆರೋಗ್ಯ ಯೋಜನೆಯನ್ನು ವಿಸ್ತರಿಸಲು ಹೊರಟಾಗ ಕರ್ನಾಟಕ ಸರಕಾರ ಕೆರಳಿ ನಿಂತಿತು. ಎರಡೂ ಸರಕಾರಗಳಿಗೆ ಆಗ ಗಡಿಯವರ ಆರೋಗ್ಯದ ಮೇಲೆ ಎಲ್ಲಿಲ್ಲದ ಮಮತೆ ಉಕ್ಕಿತ್ತು. ಆದರೆ ಪುಣೆಯ ಕಟ್ಟಡದ ಕೆಲಸಕ್ಕೆ ಬಂದು ತಗಡಿನ ಶೆಡ್ಡಿನಲ್ಲಿರುವ ಕಲಬುರ್ಗಿಯ ಕುಟುಂಬದ ಚೀಟಿ ಊರಲ್ಲಿದೆ, ಮಗು ಇಲ್ಲಿದೆ. ಆ ಮಗುವಿಗಾಗಿ ಬೆಂಗಳೂರೂ ಮುಂಬಯಿಯೂ ಜಗಳವಾಡಿದ್ದನ್ನು ನಾನು ಕಂಡಿಲ್ಲ.

ನಮ್ಮ ಮಧ್ಯಮವರ್ಗದ ಮನೆಗಳಿಗೆ ಈ ಕಷ್ಟವಿಲ್ಲ, ಹಣವಿದೆ, ತಜ್ಞರಿದ್ದಾರೆ. ಅಲ್ಲಿರುವುದು ಮುಚ್ಚುಮರೆಯ ರೋಗ. ಮಗಳ ಕೀಲುರೋಗ ಹೊರಗೆ ಗೊತ್ತಾದರೆ ನಾಳೆ ಮದುವೆಗೆ ಅಡ್ಡಿಯೆಂದು, ವೈದ್ಯರ ಕಡತವನ್ನು ಕಪಾಟಿನ ತಳದಲ್ಲಿಟ್ಟು, ಚೆನ್ನಾಗಿ ಓಡಾಡಿದ ಒಂದು ವರ್ಷವನ್ನೇ ಗುಣವೆಂದು ತಿಳಿದು ಔಷಧ ನಿಲ್ಲಿಸುತ್ತಾರೆ. ಈ ರೋಗದ ಕೆಲವು ಬಗೆಗಳು ಕಣ್ಣಿನೊಳಗೆ ನೋವಿಲ್ಲದೆ, ಕೆಂಪಾಗದೆ ಉರಿಯೂತ ಎಬ್ಬಿಸಿ ದೃಷ್ಟಿಯನ್ನೂ ಕಸಿಯುತ್ತವೆ. ಅದಕ್ಕೂ ಸ್ಲಿಟ್ ಲ್ಯಾಂಪಿನ ಪರೀಕ್ಷೆ ಬಿಟ್ಟರೆ ಬೇರೆ ಸುಳಿವಿಲ್ಲ. ಕಣ್ಣು, ಮೂತ್ರಪಿಂಡ ಎರಡೂ ಮೌನವಾಗಿ ಕೆಡುವ ಅಂಗಗಳು. ನೆರೆಯವರ ಕಿವಿಗೆ ಹೆದರಿ ಪರೀಕ್ಷೆ ತಪ್ಪಿಸುವ ಮನೆತನದ ಮರ್ಯಾದೆಯನ್ನು ನಾನು ಗೌರವಿಸಲಾರೆ.

ನಮ್ಮ ಸಂಘದ ಮುಂದಿನ ಸಾಮಾನ್ಯ ಸಭೆಯಲ್ಲಿ ನಾನು ಒಂದು ಠರಾವು ಮಂಡಿಸಲಿದ್ದೇನೆ. ಇತರ ಊರಿನ ಸಂಘದವರೂ ಬೇಕಾದರೆ ಎತ್ತಿಕೊಳ್ಳಲಿ. ವರ್ಷದ ಆರೋಗ್ಯ ಶಿಬಿರಗಳಲ್ಲಿ ಎರಡನ್ನು ಮಕ್ಕಳಿಗೆ ಮೀಸಲಿಡಬೇಕು, ಅದರಲ್ಲಿ ಒಂದಾದರೂ ಕಟ್ಟಡ ಕಾರ್ಮಿಕರ ಬಿಡಾರದಲ್ಲಿ ನಡೆಯಬೇಕು. ಮೂತ್ರದ ಪಟ್ಟಿಗಳ ಡಬ್ಬಿ ಕೊಳ್ಳಬೇಕು. ಆರು ವಾರ ಮೀರಿದ ಕೀಲೂತದ ಮಗುವನ್ನು ಮಕ್ಕಳ ಕೀಲುರೋಗ ಬಲ್ಲ ವೈದ್ಯರಿರುವ ಆಸ್ಪತ್ರೆಗೆ ಕರೆದೊಯ್ಯಲು, ಅಲ್ಲಿ ತಾಯಿಯ ಪಕ್ಕದಲ್ಲಿ ನಿಂತು ಮರಾಠಿಯಲ್ಲಿ ಮಾತನಾಡಲು ನಿವೃತ್ತರ ಒಂದು ಪಟ್ಟಿ ತಯಾರಾಗಬೇಕು. ಮೊದಲ ಹೆಸರು ನನ್ನದು ಬರೆದುಕೊಳ್ಳಿ. ಕನ್ನಡದಲ್ಲಿ ಒಂದು ಕಾರ್ಡು ಅಚ್ಚಾಗಬೇಕು. ಅದರಲ್ಲಿ ಮಗುವಿನ ಎತ್ತರ, ತೂಕ, ಕೊಡುತ್ತಿರುವ ಪ್ರತಿಯೊಂದು ಔಷಧದ ಹೆಸರು, ವಾರದ ಗುಳಿಗೆಯ ದಿನವನ್ನು ಬರೆಯಲು ಸ್ಥಳವಿರಬೇಕು. ಮೂರು ತಿಂಗಳಿಗೊಮ್ಮೆಯಾದರೂ ನೋಡಿದ ಮೂತ್ರದ ಫಲಿತಾಂಶಕ್ಕೆ ಸಾಲುಗಳಿರಬೇಕು. ವಾಂತಿಭೇದಿಯಾದ ದಿನ ನೋವಿನ ಗುಳಿಗೆ ಕೊಡುವ ಮೊದಲು ವೈದ್ಯರನ್ನು ಕೇಳಿ ಎಂಬ ಸೂಚನೆ ದಪ್ಪಕ್ಷರದಲ್ಲಿರಬೇಕು. ಕರಡನ್ನು ನಾನು ಬರೆದಿಟ್ಟಿದ್ದೇನೆ, ಮಕ್ಕಳ ವೈದ್ಯರೊಬ್ಬರು ತಿದ್ದಿಕೊಟ್ಟಿದ್ದಾರೆ. ಅಚ್ಚಿನ ಖರ್ಚಿಗೆ ಹಣವಿಲ್ಲವೆಂದು ಖಜಾಂಚಿಯವರು ಹೇಳುವುದಾದರೆ, ಈ ನವೆಂಬರಿನ ಸನ್ಮಾನಿತರ ಸಂಖ್ಯೆಯನ್ನು ಹನ್ನೆರಡರಿಂದ ಎಂಟಕ್ಕೆ ಇಳಿಸಿ, ಉಳಿದ ನಾಲ್ಕು ಶಾಲು, ಹಾರ, ಫಲಕಗಳ ಮೊತ್ತವನ್ನು ಈ ಬಾಬಿಗೆ ವರ್ಗಾಯಿಸಬೇಕೆಂಬ ತಿದ್ದುಪಡಿಯನ್ನೂ ಠರಾವಿಗೆ ಸೇರಿಸಿದ್ದೇನೆ.